ಕರಿಗಂಟು, ಹಿಡಿಗಂಟು

ಒಂದು ಗುಂಡಿ ಹೊಲಿಯಲು ಒಬ್ಬ ಟೈಲರ್‌ಗೆ ಎಷ್ಟು ಹೊತ್ತು ಬೇಕು? ಸೂಜಿಗೆ ದಾರ ಪೋಣಿಸುವುದೂ ಸೇರಿ ಐದು ನಿಮಿಷ ಅಂದುಕೊಳ್ಳಿ. ನಮ್ಮ ಮೆಡಿಕಲ್ ಶಾಪಿನ ಎದುರಿಗಿರುವ ಟೈಲರ್‌ಗೆ ಹನ್ನೊಂದು ವಾರ ಸಾಲಲಿಲ್ಲ.

ನನ್ನ ಬಿಳಿ ಕೋಟಿನ ಎರಡನೇ ಗುಂಡಿ ಅದು. ಕಿತ್ತುಬಂದ ದಿನ ನಾನೇ ಅವನ ಅಂಗೈಯಲ್ಲಿಟ್ಟು, "ಪುರುಸೊತ್ತಾದಾಗ ಹಾಕ್ಕೊಡು" ಎಂದಿದ್ದೆ. ಆಮೇಲೆ ಕೇಳಿದರೆ, "ಎಲ್ಲೋ ಇಟ್ಟಿದ್ದೀನಿ, ಹುಡುಕ್ತೀನಿ" ಎಂದ. ಮತ್ತೆ ಕೇಳಿದರೂ ಅದೇ ಮಾತು. ಅವನ ಅಂಗಡಿಯಲ್ಲಿ ಗುಂಡಿಗಳೇ ನಾಲ್ಕು ಡಬ್ಬಿ ತುಂಬ ಇವೆ. ಬೇರೆಯದು ಹಾಕುತ್ತೇನೆ ಎಂದು ಅಂಗಲಾಚಿದ. ನಾನು ಒಪ್ಪಲಿಲ್ಲ. ನನಗೆ ಅದೇ ಗುಂಡಿ ಬೇಕಿತ್ತು. ಹಟ ಅಂದರೆ ಹಟ. ಹನ್ನೊಂದು ವಾರ ಕೋಟಿಗೆ ಪಿನ್ನು ಚುಚ್ಚಿಕೊಂಡು ಔಷಧಿ ಮಾರಿದೆ. ದಿನಾ ಊಟದ ಬಿಡುವಿನಲ್ಲಿ ರಸ್ತೆ ದಾಟಿ ಹೋಗಿ ಅವನಿಗೆ ಬೈದು ಬಂದೆ.

ನಿಜ ಹೇಳಬೇಕೆಂದರೆ ಗುಂಡಿ ಬರೀ ನೆಪ. ನನ್ನ ಮೈಯೆಲ್ಲ ಉರಿಯುತ್ತಿದ್ದದ್ದು ಅವನು ನನಗೆ ಹಾಕಿದ ಶಾಪಕ್ಕೆ.

ಗಾಬರಿಯಾಗಬೇಡಿ, ಶಾಪ ಆಟದ್ದು. ಪ್ರತಿ ಭಾನುವಾರ ಮಧ್ಯಾಹ್ನ ಎರಡಕ್ಕೆ ಅಕ್ಕನ ಮನೆಯ ಊಟದ ಮೇಜಿಗೆ ನಾವು ನಾಲ್ವರು ಕೂರುತ್ತೇವೆ. ಭಾವ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಇಲ್ಲದ ರಾಜ್ಯಗಳ ನಕ್ಷೆ ಬರೆಯುವ ಹುಚ್ಚು ಅವರಿಗೆ. ಕಥೆ ಹೇಳುವವರೂ ಅವರೇ, ತೀರ್ಪು ಕೊಡುವವರೂ ಅವರೇ. ನಮಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಅಕ್ಕ ಕಳ್ಳಿ, ನಾನು ವೈದ್ಯೆ, ಟೈಲರ್ ಮಾಂತ್ರಿಕ. ಓಡಬೇಕೋ, ಹೊಡೆಯಬೇಕೋ, ಬಾಗಿಲು ಒಡೆಯಬೇಕೋ, ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಜಾಸ್ತಿ ಬಿದ್ದರೆ ಗೆದ್ದೆವು, ಕಮ್ಮಿ ಬಿದ್ದರೆ ಕೆಟ್ಟೆವು. ನಿಯಮಗಳನ್ನೆಲ್ಲ ಭಾವ ತಾವೇ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಅದನ್ನು ನಮಗೆ ಮುಟ್ಟಲೂ ಬಿಡುವುದಿಲ್ಲ.

ನಮ್ಮ ಮೇಜಿನದು ಇನ್ನೊಂದು ಪದ್ಧತಿಯಿದೆ. ಪಾತ್ರ ಮಾಡುವುದನ್ನು ಸಾಧ್ಯವಾದಷ್ಟು ನಾವೂ ಮಾಡಬೇಕು. ಕಳ್ಳಿ ಸದ್ದಿಲ್ಲದೆ ನಡೆಯುವಾಗ ಅಕ್ಕ ಚಪ್ಪಲಿ ಬಿಚ್ಚಿ ಕಾಲು ಮಡಚಿ ಕೂರಬೇಕು. ಗುರಾಣಿ ಹಿಡಿದವರು ಎಡಗೈ ಮುಷ್ಟಿ ಕಟ್ಟಿ ಮೇಜಿನ ಮೇಲಿಡಬೇಕು. ಮುಷ್ಟಿ ಬಿಚ್ಚಿದರೆ ಗುರಾಣಿ ಬಿದ್ದ ಹಾಗೆ. ಮೂಗು ತುರಿಸಿದರೂ ಭಾವ ಬಿಡುವವರಲ್ಲ. ಮತ್ತೆ, ಪಾತ್ರ ಸತ್ತವರು ಆ ಕಥೆ ಮುಗಿಯುವ ತನಕ ಮೇಜಿಗೆ ಬರುವಂತಿಲ್ಲ. ಭಾವನ ಕಥೆ ಮುಗಿಯಲು ಕಮ್ಮಿಯೆಂದರೂ ಒಂದು ವರ್ಷ.

ಇನ್ನು ಆ ಶನಿವಾರದ್ದು ಹೇಳಿಬಿಡುತ್ತೇನೆ. ಶಾಪದ ಹಿಂದಿನ ದಿನ.

ಕೋಟಿನ ತೋಳು ಉದ್ದವಾಗಿದೆ, ಗುಂಡಿಯೂ ಕಿತ್ತುಬಂದಿದೆ ಎಂದು ಅವನ ಅಂಗಡಿಗೆ ಹೋಗಿದ್ದೆ. ಟೇಪು ಹಿಡಿದು ಭುಜದಿಂದ ಇಳಿಸುತ್ತ ಬಂದವನು ಮಣಿಕಟ್ಟಿನ ಹತ್ತಿರ ನಿಂತುಬಿಟ್ಟ. ಒಂದು ಅಂಕಿ ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಟೇಪಿನ ಕೆಳಗೆ ನನ್ನ ನಾಡಿ ಹೊಡೆದುಕೊಳ್ಳುವುದು ಅವನ ಬೆರಳಿಗೆ ಗೊತ್ತಾಗಿರಬೇಕು.

"ಏನು, ಅಂಕಿ ಮರೆತುಹೋಯ್ತಾ?" ಎಂದೆ.

ಅವನು ಟೇಪಿನಿಂದ ಕಣ್ಣೆತ್ತಿ ನೋಡಿದ. ರೆಪ್ಪೆಯ ಮೇಲೆ ಒಂದು ಚೂರು ನೀಲಿ ದಾರ ಅಂಟಿತ್ತು. ಅದನ್ನು ತೆಗೆಯಲೋ ಬೇಡವೋ ಎಂದು ನಾನು ಯೋಚಿಸುತ್ತಿರುವುದು ಅವನಿಗೂ ತಿಳಿಯಿತು. ತುಟಿಯ ಅಂಚಿನಲ್ಲಿ ನಕ್ಕ.

"ನಿನಗೊಂದು ಮಾತು ಹೇಳ್ಬೇಕು, ಮಾತ್ರೆ."

ನನ್ನನ್ನು ಅವನು ಕರೆಯುವುದೇ ಹಾಗೆ. ಅಂಗಡಿಯಿಂದ ಅರ್ಧ, ಕಹಿಯಿಂದ ಅರ್ಧವಂತೆ.

"ಹೇಳು."

ಅಷ್ಟರಲ್ಲಿ ಯಾರೋ ಕೆಟ್ಟ ಜಿಪ್ಪಿನ ಬ್ಯಾಗು ಹಿಡಿದು ಒಳಗೆ ಬಂದರು. "ನಾಳೆ ಹೇಳ್ತೀನಿ. ಖಂಡಿತ" ಎಂದ. ಆಗಲೇ ಗುಂಡಿಯನ್ನು ಅವನ ಕೈಗಿಟ್ಟು ಬಂದದ್ದು. ಆ ಸಂಜೆಯೆಲ್ಲ ಗಿರಾಕಿಗಳ ಜೊತೆ ನಗುನಗುತ್ತಾ ಮಾತಾಡಿದೆ. ಕೆಮ್ಮಿನ ಔಷಧಿಗೆ ಬಂದವರೊಬ್ಬರು, "ಏನಮ್ಮಾ, ಏನು ವಿಶೇಷ?" ಎಂದೇ ಕೇಳಿದರು.

ಮರುದಿನ ಮೇಜಿನ ಮೇಲೆ ಕಥೆ ನಮ್ಮ ಹೊಸ ಶತ್ರು ಬೂದಿರಾಣಿಯ ಸೇತುವೆಗೆ ಬಂದಿತ್ತು. ಮಾಂತ್ರಿಕನಿಗೆ ಮಾತ್ರ ತಿಳಿಯಬೇಕಾದದ್ದು ಎಂದು ಭಾವ ಅವನಿಗೊಂದು ಚೀಟಿ ಕೊಟ್ಟರು. ಓದಿಕೊಂಡ, ಮಡಚಿ ಜೇಬಿಗಿಟ್ಟ. ಆಮೇಲೆ ನನ್ನ ಮುಖ ನೋಡದೆ, "ವೈದ್ಯೆ ಮೇಲೆ ಗಂಟುಶಾಪ ಹಾಕ್ತೀನಿ" ಎಂದ.

ತಮಾಷೆ ಎಂದುಕೊಂಡು ನಕ್ಕೆ. ಭಾವ ನಗಲಿಲ್ಲ. "ಇನ್ಮೇಲೆ ನಿನ್ನ ಪ್ರತಿ ದಾಳದಲ್ಲೂ ಎರಡು ಕಳೀಬೇಕಮ್ಮಾ" ಎಂದರು.

"ಯಾಕೆ? ನಾನೇನು ಮಾಡ್ದೆ?"

ಅವನು ನಕ್ಷೆ ನೋಡುತ್ತಾ ಕೂತ.

"ಇದೇನಾ ನೀನು ಹೇಳ್ಬೇಕು ಅಂದಿದ್ದ ಮಾತು?"

ಗುರಾಣಿ ಹಿಡಿದವನಂತೆ ಎಡಗೈ ಮುಷ್ಟಿ ಕಟ್ಟಿ ಮೇಜಿನ ಮೇಲಿಟ್ಟ.

ಆಟ ಅಂತ ನನಗೂ ಗೊತ್ತು. ಕಾಗದದ ಮೇಲಿನ ವೈದ್ಯೆಗೆ ಕಾಗದದ ಮೇಲಿನ ಮಾಂತ್ರಿಕ ಶಾಪ ಹಾಕಿದ, ಅಷ್ಟೇ. ಆದರೆ ಹಿಂದಿನ ದಿನ ನನ್ನ ಮಣಿಕಟ್ಟು ಹಿಡಿದು ನಾಳೆ ಹೇಳುತ್ತೇನೆ ಎಂದವನು ಮರುದಿನ ಅಕ್ಕ-ಭಾವನ ಎದುರು ನನ್ನನ್ನು ಶಪಿಸಿದರೆ ಅದಕ್ಕೆ ಏನರ್ಥ? ಹಿಂದಿನ ದಿನದ ಮಾತನ್ನು ಮರೆತುಬಿಡು ಎಂದರ್ಥ. ನಾನು ಹಾಗೇ ಓದಿಕೊಂಡೆ. ಅವತ್ತಿನಿಂದ ಅವನನ್ನು 'ನೀವು' ಎನ್ನತೊಡಗಿದೆ. ನನಗೆ ಬೈಗುಳ ಹೆಚ್ಚು ಬರುವುದಿಲ್ಲ. ಮರ್ಯಾದೆ ಕೊಟ್ಟೇ ಸಾಯಿಸುತ್ತೇನೆ.

ಎರಡು ಸಲ ಮಾತಾಡಲು ಬಂದ. "ಗುಂಡಿ ಸಿಕ್ತಾ?" ಎಂದು ಕೇಳಿದೆ. ಇಲ್ಲ ಎಂದ. "ಹಾಗಾದ್ರೆ ಹೊರಡಿ" ಎಂದೆ.

ಮೊನ್ನೆ ನಮ್ಮ ಮಾಲೀಕರು ಕರೆದು, ದೂರದ ಊರಿನಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದೇನೆ, ನೀನೇ ಹೋಗಿ ನೋಡಿಕೋ ಎಂದರು. ರೈಲಿನಲ್ಲಿ ಒಂದು ದಿನದ ದಾರಿ. ಭಾನುವಾರ ಸಂಜೆ ಆರರೊಳಗೆ ಉತ್ತರ ಹೇಳಬೇಕಿತ್ತು. ನನಗೆ ಇಲ್ಲಿಂದ ಹೋಗುವ ಮನಸ್ಸು ಒಂದಿಷ್ಟೂ ಇರಲಿಲ್ಲ. ಆದರೂ ಹೂಂ ಎನ್ನಬೇಕೆಂದು ತೀರ್ಮಾನಿಸಿದ್ದೆ. ಅದು ನನ್ನ ಸಿಟ್ಟಿನ ಗುಣ. ನನಗೇ ಮೊದಲು ಕೊಳ್ಳಿ ಇಡುತ್ತದೆ.

ಬೆಳಗಿನ ಪಾಳಿ ಮುಗಿಸಿ ಕೋಟು, ಪಿನ್ನಿನ ಸಮೇತ ನೇರವಾಗಿ ಅಕ್ಕನ ಮನೆಗೆ ಹೋದೆ. ಕೂತ ತಕ್ಷಣ ಹೇಳಿದೆ. "ಇದು ನನ್ನ ಕೊನೇ ಭಾನುವಾರ. ಸಂಜೆ ಮಾಲೀಕರಿಗೆ ಹೂಂ ಅಂತೀನಿ."

ಅಕ್ಕನ ಕೈಯಲ್ಲಿದ್ದ ಬಿಸ್ಕತ್ತು ಟೀ ಒಳಗೆ ಮುರಿದು ಬಿತ್ತು. "ನನ್ನ ಹತ್ರ ಒಂದು ಮಾತು ಕೇಳಿಲ್ವಲ್ಲೇ?"

ಟೈಲರ್ ಎಂದಿನಂತೆ ಎಡಗೈ ಮುಷ್ಟಿ ಕಟ್ಟಿ ಮೇಜಿನ ಮೇಲಿಟ್ಟಿದ್ದ. ಗೆಣ್ಣುಗಳು ಬಿಳಿಚಿದ್ದು ಮಾತ್ರ ಕಂಡಿತು. ಹಾಗೇ ಆಗಲಿ ಎಂದುಕೊಂಡೆ. ಹಾಗೆಂದುಕೊಂಡು ಒಂದಿಷ್ಟೂ ಖುಷಿಯಾಗಲಿಲ್ಲ.

ಆಟ ಶುರುವಾಯಿತು. ರಾಣಿಯ ತೋಳ ಬಂಡೆಯ ಮೇಲಿಂದ ಹಾರಿ ಮಾಂತ್ರಿಕನ ಮೇಲೆ ಬಿತ್ತು. ಅವನು ಯಾವಾಗಲೂ ನಮ್ಮ ಹಿಂದೆ ನಿಲ್ಲುತ್ತಿದ್ದ. ಅವನಿಗೆ ಏಟು ಬಿದ್ದದ್ದು ಇದೇ ಮೊದಲು.

"ಹನ್ನೆರಡು ಏಟು" ಎಂದರು ಭಾವ.

"ಗುರಾಣಿಗೆ ಅರ್ಧ ಕಳೀರಿ" ಎಂದಳು ಅಕ್ಕ. "ಮುಷ್ಟಿ ಮುಚ್ಕೊಂಡೇ ಇದಾನಲ್ಲ."

"ಗುರಾಣಿ ಇಲ್ಲ ಅಕ್ಕ" ಎಂದ ಅವನು. "ಪೂರ್ತಿ ಹನ್ನೆರಡೂ ಬರ್ಕೊಳ್ಳಿ ಮೇಷ್ಟ್ರೇ."

ನಾನು ಪೆನ್ಸಿಲ್ ಕೆಳಗಿಟ್ಟೆ. ಗುರಾಣಿ ಇಲ್ಲವೆಂದರೆ ಹನ್ನೊಂದು ಭಾನುವಾರ, ದಿನಕ್ಕೆ ಮೂರೂವರೆ ಗಂಟೆ, ಒಂದೇ ಕೈಯಲ್ಲಿ ಟೀ ಕುಡಿದು, ಒಂದೇ ಕೈಯಲ್ಲಿ ದಾಳ ಹಾಕಿ, ಒಂದೇ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಒಡೆಯಲಾಗದೆ ಹಲ್ಲಲ್ಲಿ ಹರಿಯುತ್ತಿದ್ದದ್ದು ಯಾತಕ್ಕೆ?

"ಭಾವ, ಪುಸ್ತಕ ಕೊಡಿ."

"ಆಟ ಆಡೋರು ನೋಡೋ ಹಾಗಿಲ್ಲಮ್ಮಾ."

"ಹೋಗೋಕೆ ಮುಂಚೆ ನನಗೆ ಹಾಕಿರೋ ಶಾಪ ಏನು ಅಂತ ನಾನು ಓದಿಯೇ ಓದ್ತೀನಿ. ಕೊಡಿ."

"ಕೊಡ್ರೀ, ಅವಳ ಮುಖ ನೋಡಿ" ಎಂದು ಅಕ್ಕನೇ ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದಳು.

ಗಂಟುಶಾಪಗಳು ಎಡಗಡೆ ಒಂದು, ಬಲಗಡೆ ಒಂದು, ಎದುರುಬದುರು ಪುಟಗಳಲ್ಲಿದ್ದವು. ಎಡಕ್ಕೆ ಕರಿಗಂಟು, ಬಲಕ್ಕೆ ಹಿಡಿಗಂಟು. ಮೊದಲ ಸಾಲು ಎರಡಕ್ಕೂ ಒಂದೇ: 'ಶಾಪ ತಗುಲಿದವರ ಪ್ರತಿ ದಾಳದಿಂದ ಎರಡು ಕಳೆಯತಕ್ಕದ್ದು.'

ನನ್ನ ಕೆಲಸದಲ್ಲಿ ಇಂಥದು ದಿನಾ ಇದೆ. ಒಂದೇ ಬಣ್ಣದ ಡಬ್ಬಿ, ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ. ಒಂದು ರಕ್ತದೊತ್ತಡಕ್ಕೆ, ಇನ್ನೊಂದು ತುರಿಕೆಗೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟು, ಕೊನೇ ಸಾಲಿನ ತನಕ ಓದದೆ ನಾನು ಯಾರ ಕೈಗೂ ಕೊಡುವುದಿಲ್ಲ. ಒಂಬತ್ತು ವರ್ಷದಲ್ಲಿ ಒಂದು ಸಲವೂ ತಪ್ಪು ಔಷಧಿ ಕೊಟ್ಟವಳಲ್ಲ. ಇಲ್ಲಿ ಮಾತ್ರ ಮೊದಲ ಸಾಲು ಕೇಳಿಯೇ ಅವನನ್ನು ಮನಸ್ಸಿನಿಂದ ಹೊರಗೆ ಹಾಕಿದ್ದೆ.

ಎಡಗಡೆ ಬೆರಳಿಟ್ಟೆ. ಕರಿಗಂಟು: ಹಾಕಿದವರು ಹಾಕಿ ಮರೆಯಬಹುದು. ಶಾಪ ತಗುಲಿದವರ ಗಾಯ ಯಾವ ಔಷಧಿಗೂ ವಾಸಿಯಾಗದು.

ಹೋದ ತಿಂಗಳು ನನ್ನ ವೈದ್ಯೆ ತನ್ನ ಕಾಲಿನ ಗಾಯಕ್ಕೆ ತಾನೇ ಮದ್ದು ಹಚ್ಚಿಕೊಂಡು ವಾಸಿಮಾಡಿಕೊಂಡಿದ್ದಳು. ಹಾಗಾದರೆ ಇದಲ್ಲ.

ಬಲಗಡೆ ಬಂದೆ. ಹಿಡಿಗಂಟು: ಶಾಪ ತಗುಲಿದವರ ಒಂದು ವಸ್ತುವನ್ನು, ಹಾಕಿದವರು ಎಡ ಮುಷ್ಟಿಯಲ್ಲಿ ಹಿಡಿದೇ ಇರಬೇಕು. ಗುರಾಣಿ ಹಿಡಿಯುವಂತಿಲ್ಲ. ಮುಷ್ಟಿ ಬಿಚ್ಚಿದರೆ ಗಂಟು ಬಿಚ್ಚಿತು. ಕಾರಣವನ್ನು ತಾವಾಗಿ ಬಾಯಿಬಿಟ್ಟು ಹೇಳಿದರೂ ಬಿಚ್ಚಿತು.

ಪುಟದ ಕೆಳಗೆ ಕೆಂಪು ಶಾಯಿಯಲ್ಲಿ, ಎರಡು ಪುಟಕ್ಕೂ ಸೇರುವಂತೆ ಭಾವ ಇನ್ನೊಂದು ಸಾಲು ಬರೆದಿದ್ದರು: 'ಒಂದು ಮೈಗೆ ಒಂದೇ ಗಂಟು. ಮೊದಲೇ ಗಂಟು ಬಿದ್ದವರಿಗೆ ಸಾವಿನ ಗಂಟೂ ತಗುಲದು.'

ಆಗ ನೆನಪಾಯಿತು. ಈ ಹನ್ನೊಂದು ವಾರದಲ್ಲಿ ನಾಲ್ಕು ಸಲ ಭಾವ ಪುಸ್ತಕದ ಮರೆಯಲ್ಲಿ ದಾಳ ಹಾಕಿ, ಟೈಲರ್ ಕಡೆ ನೋಡಿ, "ಏನೂ ಆಗಲಿಲ್ಲ" ಎಂದು ಎತ್ತಿಟ್ಟುಕೊಂಡಿದ್ದರು.

"ಭಾವ, ಪುಸ್ತಕದ ಮರೇಲಿ ನಾಲ್ಕು ಸಲ ದಾಳ ಹಾಕಿದ್ದು ಬೂದಿರಾಣೀನಾ? ನನ್ನ ಮೇಲೆ ಸಾವಿನ ಗಂಟು ಹಾಕ್ತಿದ್ಲಾ?"

ಭಾವ ಕನ್ನಡಕ ಒರೆಸುತ್ತಾ ಕೂತರು. ಅಕ್ಕ, "ಅಯ್ಯೋ ಪಾಪಿಗಳಾ" ಎಂದು ಗಂಡನ ತೋಳಿಗೆ ಒಂದು ಕೊಟ್ಟಳು.

ನಾನು ಟೈಲರ್ ಕಡೆ ತಿರುಗಿದೆ. "ನೀವು ಮಾತಾಡ್ರೀ."

ಇಲ್ಲ ಎಂಬಂತೆ ತಲೆಯಾಡಿಸಿದ. ಕಣ್ಣು ಮಾತ್ರ ನನ್ನ ಮೇಲಿಂದ ಕದಲಲಿಲ್ಲ. ಇಷ್ಟು ದಿನ ನಕ್ಷೆ ನೋಡುತ್ತಿದ್ದ ಕಣ್ಣು.

"ಓಹೋ, ಬಾಯಿಬಿಟ್ಟರೆ ಗಂಟು ಬಿಚ್ಚುತ್ತೆ. ನಾನು ಊರು ಬಿಟ್ಟು ಹೋಗ್ತೀನಿ ಅಂದ್ರೂ ನಿಮಗೆ ಗಂಟೇ ಮುಖ್ಯ!"

ಖುಷಿಯಾಗಬೇಕಿತ್ತು ಅಂತೀರಾ? ಸಿಟ್ಟು ನೆತ್ತಿಗೇರಿತು. ಶತ್ರು ಎಂದುಕೊಂಡಿದ್ದಾಗ ಇದ್ದ ಸಿಟ್ಟಿಗೆ ಒಂದು ಅಂದಾಜಿತ್ತು. ಇದಕ್ಕೆ ಇರಲಿಲ್ಲ. ಎದ್ದು ಹೋಗಿ ಅವನ ಎಡಗೈ ಹಿಡಿದುಕೊಂಡೆ. ಅವನು ಮುಷ್ಟಿ ಬಿಗಿಮಾಡಿದ. ನಾನು ಕಿರುಬೆರಳಿನಿಂದ ಶುರುಮಾಡಿದೆ.

"ಬೇಡ" ಎಂದ. ಮೇಜಿನ ಆ ಕಡೆ ಬೂದಿರಾಣಿ ಕಾದಿದ್ದಾಳೆ ಎಂಬಂತೆ ಭಾವನ ಕಡೆ ನೋಡಿದ. "ಬೇಡ ಮಾತ್ರೆ, ಬಿಡಿಸ್ಬೇಡ."

"ನನ್ನ ಸಾವು, ನನ್ನ ಶಾಪ, ನನ್ನ ವಸ್ತು. ನನ್ನನ್ನು ಕೇಳಿದ್ರಾ?"

ಉಂಗುರದ ಬೆರಳು, ನಡುಬೆರಳು. ಒಂದೊಂದನ್ನೇ ಎತ್ತಿದೆ. ಹೆಬ್ಬೆರಳಿಗೆ ಬರುವ ಹೊತ್ತಿಗೆ ಅವನು ಸೋತಿದ್ದ. ಅಂಗೈ ಬೆವರಿ ಕೆಂಪಾಗಿತ್ತು. ಅದರ ನಡುವೆ ನನ್ನ ಕೋಟಿನ ಎರಡನೇ ಗುಂಡಿ. ಎತ್ತಿದರೆ ಚರ್ಮದ ಮೇಲೆ ಅದರ ದುಂಡನೆಯ ಗುರುತು ಹಾಗೇ ಉಳಿದಿತ್ತು.

ಅಕ್ಕ ಮೆಲ್ಲಗೆ, "ಇನ್ನೊಂದ್ಸಲ ಟೀ ಇಡ್ಲಾ?" ಎಂದಳು.

"ಬೇರೆ ಏನೂ ಸಿಗಲಿಲ್ವಾ ನಿಮಗೆ? ನನ್ನ ಪೆನ್ಸಿಲ್ ಇತ್ತು, ರಬ್ಬರ್ ಇತ್ತು. ಹನ್ನೊಂದು ವಾರ ಪಿನ್ನು ಚುಚ್ಕೊಂಡು ಓಡಾಡಿದೀನಿ!"

"ಆವತ್ತು ಜೇಬಲ್ಲಿ ಇದ್ದಿದ್ದು ಅದೇ" ಎಂದ. ಈಗ ಬಾಯಿಬಿಡಲು ಅಡ್ಡಿಯಿರಲಿಲ್ಲ. "ಆಮೇಲೆ ಬದಲಾಯಿಸ್ಬಹುದಿತ್ತು. ಬದಲಾಯಿಸಲಿಲ್ಲ."

"ಯಾಕೆ?"

"ನೀನು ನನ್ನ ಹತ್ರ ಮಾತು ಬಿಟ್ಟಿದ್ದೆ. ಗುಂಡಿ ಕೇಳೋಕಾದ್ರೂ ದಿನಾ ಬರ್ತಿದ್ದೆ."

ಹೇಗಿದೆ ನೋಡಿ! ನಾನು ಅಷ್ಟು ಕಷ್ಟಪಟ್ಟು ಬೈದು ಬರುತ್ತಿದ್ದರೆ, ಈ ಮನುಷ್ಯ ಊಟದ ಹೊತ್ತು ಯಾವಾಗ ಆಗುತ್ತದೆ ಎಂದು ಗಡಿಯಾರ ನೋಡುತ್ತಿದ್ದ.

"ಆ ಶನಿವಾರ ಹೇಳ್ತೀನಿ ಅಂದಿದ್ದು?"

"ಹೇಳೋಕಂತಲೇ ಭಾನುವಾರ ಇಸ್ತ್ರಿ ಶರ್ಟ್ ಹಾಕ್ಕೊಂಡು ಬಂದಿದ್ದೆ. ಆಟ ಮುಗಿದ ಮೇಲೆ ಹೇಳೋಣ ಅಂತ. ಮೇಷ್ಟ್ರು ಚೀಟಿ ಕೊಟ್ರು. ರಾಣಿ ನಿನ್ನ ಸಾಯಿಸ್ತಾಳೆ ಅಂತ ಅದರಲ್ಲಿತ್ತು."

"ನನ್ನನ್ನಲ್ಲ, ವೈದ್ಯೇನ!"

"ವೈದ್ಯೆ ಸತ್ರೆ ನೀನು ಒಂದು ವರ್ಷ ಈ ಮೇಜಿಗೆ ಬರೋ ಹಾಗಿಲ್ಲ." ಅವನ ದನಿಯೂ ಏರಿತ್ತು. ಅವನಿಗೂ ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. "ವಾರವೆಲ್ಲ ನೀನು ಕೌಂಟರ್ ಆ ಕಡೆ, ನಾನು ಮಿಷನ್ ಈ ಕಡೆ. ನಡುವೆ ರಸ್ತೆ. ನಿನ್ನ ಪಕ್ಕ ಕೂರೋದು ಭಾನುವಾರ ಒಂದೇ. ಅದೂ ಹೋದ್ರೆ ನಾನೇನು ಮಾಡ್ಲಿ? ಹಿಡಿದೆ. ಸಿಕ್ಕಿದ್ದು ಹಿಡಿದೆ. ನೀನು ಬೈದ್ರೂ ಪರವಾಗಿಲ್ಲ, ಇಲ್ಲೇ ಕೂತು ಬೈಲಿ ಅಂತ ಹಿಡಿದೆ. ನೀನು ನೋಡಿದ್ರೆ ಅದಕ್ಕೇ ಸಿಟ್ಟು ಮಾಡ್ಕೊಂಡು ಊರೇ ಬಿಟ್ಟು ಹೊರಟಿದೀಯ."

ಅಕ್ಕನ ಕಣ್ಣು ತುಂಬಿತ್ತು. ಭಾವ ಕೆಮ್ಮಿದರು.

"ಗಂಟು ಬಿಚ್ಚಿತಲ್ಲ" ಎಂದರು ತಗ್ಗಿದ ದನಿಯಲ್ಲಿ. "ರಾಣಿ ಇದ್ದಾಳೆ. ದಾಳ ಹಾಕ್ಬೇಕಾಗುತ್ತಮ್ಮಾ."

"ರೀ, ಒಂದಿನ ಸುಮ್ನಿರ್ಬಾರ್ದಾ?" ಎಂದಳು ಅಕ್ಕ.

"ಬೇಡ ಅಕ್ಕ, ಹಾಕ್ತೀನಿ. ನನ್ನ ದಾಳ ನಾನೇ ಹಾಕ್ತೀನಿ." ಟೈಲರ್ ಎರಡು ವರ್ಷದ ಹಿಂದೆ ಕೊಟ್ಟಿದ್ದ ನೀಲಿ ದಾಳ ಎತ್ತಿಕೊಂಡೆ. "ಎಷ್ಟು ಬೇಕು?"

"ಹದಿನೈದು. ಈಗ ಎರಡು ಕಳೆಯೋದೇನೂ ಇಲ್ಲ."

ದಾಳ ನಕ್ಷೆಯ ಮೇಲೆ ಉರುಳಿ, ಸೇತುವೆ ದಾಟಿ, ಬಿಸ್ಕತ್ತಿನ ತಟ್ಟೆಗೆ ತಾಗಿ ನಿಂತಿತು. ಒಂಬತ್ತು.

ಭಾವ ಕನ್ನಡಕ ತೆಗೆದರು. ವೈದ್ಯೆ ಸೇತುವೆಯ ಮೇಲೆ ಬಿದ್ದಳು. ಎರಡು ವರ್ಷ ಅವರೆಲ್ಲರ ಗಾಯ ಕಟ್ಟಿದವಳು ಎಂದು ಏನೋ ಚೆನ್ನಾಗಿ ಹೇಳಿದರು. ನನಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಟೈಲರ್ ಖಾಲಿ ಎಡಗೈಯನ್ನು ಮೇಜಿನ ಮೇಲೆ ಚಾಚಿ, ಅದನ್ನೇ ನೋಡುತ್ತಾ ಕೂತಿದ್ದ. ಬೆರಳುಗಳು ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ.

"ಹೋಯ್ತು" ಎಂದ.

"ಏನು ಹೋಯ್ತು?"

"ಭಾನುವಾರ."

ಆ ಮುಖ ನೋಡಿ ನನ್ನ ಸಿಟ್ಟಿಗೆ ಕಾಲು ನಡುಗಿತು. ಬೀಳಲಿಲ್ಲ, ನಡುಗಿತು ಅಷ್ಟೇ.

ಫೋನ್ ತೆಗೆದು ಮಾಲೀಕರಿಗೆ ಮಾಡಿದೆ. ಅವನ ಎದುರೇ ನಿಂತು ಮಾತಾಡಿದೆ. "ಸಾರ್, ಹೊಸ ಅಂಗಡಿಗೆ ಬೇರೆ ಯಾರನ್ನಾದ್ರೂ ನೋಡಿ. ನನಗೆ ಆಗಲ್ಲ. ಇಲ್ಲ ಸಾರ್, ಮನೇಲಿ ಏನೂ ತೊಂದರೆಯಿಲ್ಲ. ಇಲ್ಲೇ ಸ್ವಲ್ಪ ಕೆಲಸ ಬಾಕಿಯಿದೆ."

ಫೋನ್ ಇಟ್ಟು ಕುರ್ಚಿ ಎಳೆದು ಅವನ ಪಕ್ಕ ಕೂತೆ. ಸತ್ತವರು ಕೂರುವಂತಿಲ್ಲ ಎಂದು ಭಾವ ಬಾಯಿ ತೆರೆದರು. ಅಕ್ಕ ಅವರನ್ನು ಒಮ್ಮೆ ನೋಡಿದಳು. ಮುಚ್ಚಿಕೊಂಡರು. ಆಮೇಲೆ ಇಬ್ಬರೂ ಟೀ ಇಡುವ ನೆಪದಲ್ಲಿ ಒಳಗೆ ಹೋದರು.

"ಭಾನುವಾರ ಒಂದೇ ತಾನೇ ಹೋಗಿದ್ದು?" ಎಂದೆ. "ವಾರಕ್ಕೆ ಇನ್ನೂ ಆರು ದಿನ ಇದೆ. ರಸ್ತೆ ದಾಟೋಕೆ ನಿನಗೂ ಕಾಲಿದೆ."

ಅವನು ತಟ್ಟನೆ ತಲೆಯೆತ್ತಿದ. "ನಿನಗೂ ಅಂದ್ಯಾ? ನಿಮಗೂ ಅಲ್ವಾ?"

"ಅಂದೆ. ಆ ಶನಿವಾರದ ಮಾತು ಈಗ ಹೇಳು. ಜಿಪ್ಪಿನ ಗಿರಾಕಿ ಯಾರೂ ಬರಲ್ಲ."

ಹೇಳಿದ. ಎಲ್ಲರೂ ಹೇಳುವ ಮಾತೇ. ಆದರೆ ಹನ್ನೊಂದು ವಾರ ಮುಷ್ಟಿಯಲ್ಲಿಟ್ಟುಕೊಂಡಿದ್ದವನು ಹೇಳುವಾಗ ಅದು ತಡವರಿಸಿತು, ಎರಡು ಸಲ ಶುರುವಾಯಿತು. ನಾನು ಕೊನೇ ಅಕ್ಷರದ ತನಕ ಕೇಳಿದೆ. ನನ್ನದನ್ನೂ ಹೇಳಿದೆ. ಅಷ್ಟೇ ಸಿಟ್ಟಿನಲ್ಲಿ ಹೇಳಿದೆ. "ನನಗೂ ನೀನೇ. ಇನ್ನೊಂದ್ಸಲ ನನ್ನನ್ನು ಕೇಳದೆ ನನ್ನನ್ನು ಕಾಪಾಡಿದ್ರೆ ನೋಡು."

ಅವನು ಜೇಬಿನಿಂದ ಸೂಜಿ, ಬಿಳಿ ದಾರ ತೆಗೆದ. ಹನ್ನೊಂದು ವಾರದಿಂದ ಅದೂ ಜೇಬಿನಲ್ಲೇ ಇತ್ತಂತೆ. ನನ್ನ ಕೋಟಿನ ಪಿನ್ನು ಬಿಚ್ಚಿ, ಮೈಮೇಲೆಯೇ ಗುಂಡಿ ಹೊಲಿಯತೊಡಗಿದ. ಮುಷ್ಟಿ ಕಟ್ಟಿ ಕಟ್ಟಿ ಎಡಗೈ ಮರಗಟ್ಟಿತ್ತು, ಬಟ್ಟೆ ಜಾರುತ್ತಿತ್ತು. ನಾನು ಎರಡೂ ಕೈಯಿಂದ ಬಟ್ಟೆ ಹಿಡಿದುಕೊಟ್ಟೆ. ದಾರ ಕಚ್ಚಿ ಹರಿಯಲು ಅವನು ಬಾಗಿದಾಗ ರೆಪ್ಪೆಯ ಮೇಲೆ ಮತ್ತೆ ಏನೋ ಅಂಟಿತ್ತು. ಈ ಸಲ ಯೋಚಿಸದೆ ತೆಗೆದುಬಿಟ್ಟೆ.

"ಇನ್ನೂ ಸಿಟ್ಟಿದೆಯಾ?" ಎಂದ.

"ಇದೆ. ಹನ್ನೊಂದು ವಾರದ್ದಿದೆ."

"ನಾಳೆ ಊಟದ ಹೊತ್ತಿಗೆ ಬಂದು ಬೈತೀಯಾ?"

"ನೀನೇ ಬಾ" ಎಂದೆ.